ವಯಸ್ಸು ಚಿಕ್ಕದು ಅಂತ ರಕ್ತ ತೆಳು ಮಾಡೋ ಮಾತ್ರೆ ಕೊಡದೆ ಬಿಡಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾನು ಶಿವಮೊಗ್ಗ ಕಡೆಯವಳು, ಈಗ ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ, ಆಲಿಸ್ ಸ್ಪ್ರಿಂಗ್ಸ್‌ನಿಂದ ತುಂಬಾ ದೂರ ಇರೋ ಒಂದು ಚಿಕ್ಕ ಕ್ಲಿನಿಕ್ಕಲ್ಲಿ ನರ್ಸ್. ಈಚೆಗೆ ಇಬ್ಬರ ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ಏರುಪೇರಾಗೋ ಕಾಯಿಲೆ) ಬಂತು. ಒಬ್ರು 76 ವರ್ಷದ ಬಿಳಿಯ ಅಜ್ಜ, ಬೇರೆ ಕಾಯಿಲೆ ಏನೂ ಇಲ್ಲ, ಅವರಿಗೆ ಅವತ್ತೇ ರಕ್ತ ತೆಳು ಮಾಡೋ ಎಪಿಕ್ಸಬಾನ್ ಬರೆದ್ರು. ಇನ್ನೊಬ್ರು 47 ವರ್ಷದ ಅಬೊರಿಜಿನಲ್ (ಇಲ್ಲಿನ ಮೂಲನಿವಾಸಿ) ಹೆಂಗಸು, ಶುಗರ್ ಬಿಪಿ ಎರಡೂ ಇದೆ, ಅವರಿಗೆ ಬರೀ ಆಸ್ಪಿರಿನ್. ಯಾಕೆ ಅಂತ ಕೇಳಿದ್ದಕ್ಕೆ, ವಯಸ್ಸು ಚಿಕ್ಕದು, ಆಮೇಲೆ ಇವರೆಲ್ಲ ಮಾತ್ರೆ ಸರಿಯಾಗಿ ತಗೊಳಲ್ಲ, ರಕ್ತಸ್ರಾವ ಆದ್ರೆ ಇಷ್ಟು ದೂರದಿಂದ ಸಾಗಿಸೋದು ಕಷ್ಟ ಅಂದ್ರು. ನನಗೆ ಸಮಾಧಾನ ಆಗ್ಲಿಲ್ಲ. ಇದು ಸರೀನಾ?

ಉತ್ತರ: ಸರಿ ಇಲ್ಲ ಸಿಸ್ಟರ್, ನಿಮಗೆ ಸಮಾಧಾನ ಆಗದೆ ಇದ್ದಿದ್ದೇ ಸರಿ.

ಮೊದಲು ಲೆಕ್ಕ ನೋಡೋಣ. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಬರೀ ಅದುರ್ತಾ ಇದ್ರೆ ಎಡಗಡೆ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟತ್ತೆ, ಆ ಹೆಪ್ಪು ಮೆದುಳಿಗೆ ಹೋದ್ರೆ ಲಕ್ವ. ಈ ಕಾಯಿಲೆ ಇರೋರಿಗೆ ಲಕ್ವದ ಅಪಾಯ ಬೇರೆಯವರಿಗಿಂತ ಸುಮಾರು ಐದು ಪಟ್ಟು. ಯಾರಿಗೆ ಮಾತ್ರೆ ಬೇಕು ಅನ್ನೋದಕ್ಕೆ ಒಂದು ಅಂಕದ ಲೆಕ್ಕ ಇದೆ. ಆಸ್ಟ್ರೇಲಿಯಾದ 2018ರ ಗೈಡ್‌ಲೈನ್ ಪ್ರಕಾರ 75 ಅಥವಾ ಅದಕ್ಕಿಂತ ಜಾಸ್ತಿ ಆಗಿದ್ರೆ 2 ಅಂಕ, 65ರಿಂದ 74ಕ್ಕೆ 1, ಶುಗರ್‌ಗೆ 1, ಬಿಪಿಗೆ 1, ಹಾರ್ಟ್ ಫೇಲ್ಯೂರ್‌ಗೆ 1, ರಕ್ತನಾಳದ ಕಾಯಿಲೆಗೆ 1, ಹಿಂದೆ ಲಕ್ವ ಆಗಿದ್ರೆ 2. ಒಟ್ಟು 2 ಅಥವಾ ಜಾಸ್ತಿ ಆದ್ರೆ ಮಾತ್ರೆ ಕೊಡಿ ಅನ್ನತ್ತೆ. ಈಗ ನಿಮ್ಮ ಇಬ್ಬರನ್ನೂ ಕೂಡಿಸಿ ನೋಡಿ. ಅಜ್ಜನಿಗೆ ವಯಸ್ಸಿನಿಂದ 2, ಆ ಹೆಂಗಸಿಗೆ ಶುಗರ್ ಬಿಪಿಯಿಂದ 2. ಇಬ್ಬರದ್ದೂ ಒಂದೇ ಅಂಕ, ಒಬ್ಬರಿಗೆ ಮಾತ್ರ ಔಷಧಿ ಸಿಕ್ಕಿದೆ.

ಈ ಕಾಯಿಲೆ ಮುದುಕರದ್ದು ಅಂತ ನಾವೆಲ್ಲ ಓದಿರೋದು, ಆ ಅಭ್ಯಾಸಕ್ಕೆ ಕೈ ಚಿಕ್ಕ ವಯಸ್ಸಿನವರಿಗೆ ಬರೆಯೋಕೆ ಹಿಂಜರಿಯತ್ತೆ. ಆದ್ರೆ ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಶುಗರ್, ಕಿಡ್ನಿ ತೊಂದರೆ, ರುಮ್ಯಾಟಿಕ್ ಹೃದಯದ ಕಾಯಿಲೆ ಎಲ್ಲ ಬೇಗ ಬರತ್ತೆ, ಹಾಗಾಗಿ ಈ ಏರುಪೇರಿನ ಬಡಿತಾನೂ ಉಳಿದವರಿಗಿಂತ ಹತ್ತು ವರ್ಷಕ್ಕೂ ಮುಂಚೆ ಬರತ್ತೆ, ಲಕ್ವಾನೂ ಹಾಗೇ. ಅದಕ್ಕೇ 65 ಆಗೋವರೆಗೂ ಕಾಯದೆ 45-50ಕ್ಕೇ ನಾಡಿ ನೋಡಬೇಕು ಅನ್ನೋ ಮಾತು ಅಲ್ಲಿ ಬಂದಿರೋದು. ಅವರದ್ದೇ ಸಮುದಾಯ ನಡೆಸೋ ಕೆಲವು ಕ್ಲಿನಿಕ್‌ಗಳಲ್ಲಿ ಫೋನಿಗೆ ಜೋಡಿಸೋ ಚಿಕ್ಕ ಇಸಿಜಿ ಪಟ್ಟಿ ಮೇಲೆ ಎರಡೂ ಕೈ ಬೆರಳು ಇಡಿಸಿ ಅರ್ಧ ನಿಮಿಷದಲ್ಲಿ ನೋಡಿದಾರೆ. ಹಾಗೆ ಹುಡುಕಿದ ಮೇಲೆ ಮಾತ್ರೆ ಕೊಡದೆ ಕಳಿಸಿದ್ರೆ ಹುಡುಕಿ ಏನು ಬಂತು?

ಆಸ್ಪಿರಿನ್ ವಿಷಯಕ್ಕೆ ಬರ್ತೀನಿ. ಕಮ್ಮಿ ಅಪಾಯದ ಔಷಧಿ ಅಂತ ಕೊಟ್ಟಿರ್ತಾರೆ, ಅದು ಸುಳ್ಳು ಧೈರ್ಯ. ರಕ್ತ ತೆಳು ಮಾಡೋ ಹಳೆ ಮಾತ್ರೆ ವಾರ್ಫರಿನ್ ತಗೊಂಡ್ರೆ ಲಕ್ವ ಮೂರರಲ್ಲಿ ಎರಡು ಪಾಲು ತಪ್ಪತ್ತೆ, ಆಸ್ಪಿರಿನ್‌ನಿಂದ ಐದರಲ್ಲಿ ಒಂದು ಪಾಲು ತಪ್ಪಿದ್ರೆ ಹೆಚ್ಚು. 2011ರಲ್ಲಿ ಅವೆರೋಸ್ ಅನ್ನೋ ಟ್ರಯಲ್ ಬಂತು, ವಾರ್ಫರಿನ್ ಆಗಲ್ಲ ಅಂತ ಬಿಟ್ಟಿದ್ದ ರೋಗಿಗಳನ್ನೇ ತಗೊಂಡು ಅರ್ಧ ಜನಕ್ಕೆ ಎಪಿಕ್ಸಬಾನ್, ಅರ್ಧ ಜನಕ್ಕೆ ಆಸ್ಪಿರಿನ್ ಕೊಟ್ಟು ನೋಡಿದ್ರು. ಎಪಿಕ್ಸಬಾನ್ ಕಡೆ ಲಕ್ವ ಅರ್ಧಕ್ಕಿಂತ ಕಮ್ಮಿ ಆಯ್ತು, ದೊಡ್ಡ ರಕ್ತಸ್ರಾವ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ.

ಮಾತ್ರೆ ತಗೊಳಲ್ಲ ಅನ್ನೋದು ಆ ಹೆಂಗಸನ್ನ ಕೇಳಿ ಹೇಳಿದ್ದಾ, ನೋಡಿ ಊಹೆ ಮಾಡಿದ್ದಾ? ಅವರ ಭಾಷೆ ಬರೋ ಇಂಟರ್‌ಪ್ರಿಟರ್ ಅಥವಾ ಅಬೊರಿಜಿನಲ್ ಹೆಲ್ತ್ ವರ್ಕರ್ ಜೊತೆ ಕೂತು ಯಾರಾದ್ರೂ ಬಿಡಿಸಿ ಹೇಳಿದಾರಾ? ದೂರದ ಊರುಗಳ ಅಬೊರಿಜಿನಲ್ ಕ್ಲಿನಿಕ್‌ಗಳಿಗೆ 1999ರಿಂದ ಸರ್ಕಾರದ ಖರ್ಚಲ್ಲೇ ಮಾತ್ರೆ ಬರ್ತಿದೆ, ರೋಗಿ ದುಡ್ಡು ಕೊಡೋ ಹಾಗಿಲ್ಲ. ವಾರದ ಮಾತ್ರೆ ಜೋಡಿಸಿ ಕೊಡೋ ವೆಬ್‌ಸ್ಟರ್ ಪ್ಯಾಕ್‌ನಲ್ಲಿ ಎಪಿಕ್ಸಬಾನ್ ಹಾಕಬಹುದು. ಇದೇ ಥರದ ಇನ್ನೊಂದು ಹೊಸ ಔಷಧಿ ಡಾಬಿಗಾಟ್ರಾನ್ ಮಾತ್ರ ಹಾಕಬೇಡಿ, ತೇವ ತಾಗಿದ್ರೆ ಕೆಡತ್ತೆ, ಅದು ಕಂಪನಿ ಪ್ಯಾಕಲ್ಲೇ ಇರಬೇಕು. ಇದೇ ಗುಂಪಿನ ರಿವರೊಕ್ಸಬಾನ್ ಆದ್ರೆ ಊಟದ ಜೊತೆ. ಇನ್ನೊಂದು, ಈ ಹೊಸ ಮಾತ್ರೆಗಳ ಕೆಲಸ ಒಂದು ದಿನದಲ್ಲೇ ಇಳಿದುಹೋಗತ್ತೆ, ಹಾಗಾಗಿ ತಪ್ಪಿಸಬಾರದು ಅನ್ನೋದನ್ನ ಮನೆಯವರನ್ನೂ ಕೂರಿಸಿಕೊಂಡು ಹೇಳಿ.

ರಕ್ತಸ್ರಾವದ ಭಯ ಸುಳ್ಳಲ್ಲ. ಆದ್ರೆ ಆ ಅಪಾಯ ಅಳೆಯೋ ಅಂಕಪಟ್ಟಿ ಇರೋದು ಸರಿಪಡಿಸೋಕೆ ಆಗೋದನ್ನ ಸರಿಪಡಿಸೋಕೆ, ಔಷಧಿ ನಿಲ್ಲಿಸೋಕಲ್ಲ. ಬಿಪಿ ಇಳಿಸಿ, ಕುಡಿತ ಇದ್ರೆ ಅದನ್ನ ಮಾತಾಡಿ, ನೋವಿಗೆ ಐಬುಪ್ರೊಫೆನ್ ನುಂಗ್ತಿದ್ರೆ ಬಿಡಿಸಿ. ಆ ಆಸ್ಪಿರಿನ್‌ನೂ, ಬೇರೆ ಕಾರಣ ಇಲ್ಲದಿದ್ರೆ, ಡಾಕ್ಟರ ಹತ್ರ ಹೇಳಿ ನಿಲ್ಲಿಸಿ. ದೂರ ಅನ್ನೋ ಕಾರಣ ಅಂತೂ ಉಲ್ಟಾ ಹೊಡೆಯತ್ತೆ. ಲಕ್ವ ಆದ್ರೂ ರೋಗಿನ ಸಾಗಿಸೋ ಅದೇ ವಿಮಾನ ಬರಬೇಕು, ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಟೈಮು. ಅಷ್ಟರಲ್ಲಿ ದೊಡ್ಡ ಆಸ್ಪತ್ರೆ ಸೇರೋಕೆ ಆಗದ ಊರಲ್ಲಿ ಲಕ್ವ ಬರದ ಹಾಗೆ ತಡೆಯೋದೇ ಚಿಕಿತ್ಸೆ.

ಒಂದು ವಿಷಯ ಮಾತ್ರ ಖಂಡಿತ ಕೇಳಿ, ಆಕೆಗೆ ಎಕೋ (ಹೃದಯದ ಸ್ಕ್ಯಾನ್) ಆಗಿದೆಯಾ? ಚಿಕ್ಕಂದಿನಲ್ಲಿ ಗಂಟಲಿಗೆ ಚರ್ಮಕ್ಕೆ ಸೋಂಕು ತಗುಲಿ ರುಮ್ಯಾಟಿಕ್ ಜ್ವರ ಬಂದು ಮೈಟ್ರಲ್ ವಾಲ್ವ್ ಕಿರಿದಾಗಿರೋರು ಅಲ್ಲಿ ತುಂಬಾ ಇದಾರೆ, ಒಂದೇ ಮನೆಯಲ್ಲಿ ಹೆಚ್ಚು ಜನ ಇರಬೇಕಾಗಿ ಬಂದಿರೋದೇ ಅದಕ್ಕೊಂದು ದೊಡ್ಡ ಕಾರಣ. ವಾಲ್ವ್ ಗಣನೀಯವಾಗಿ ಕಿರಿದಾಗಿದ್ರೆ ಅಂಕ ಎಷ್ಟೇ ಇರಲಿ ರಕ್ತ ತೆಳು ಮಾಡೋ ಮಾತ್ರೆ ಬೇಕೇ ಬೇಕು, ಅದೂ ವಾರ್ಫರಿನ್ನೇ ಆಗಬೇಕು. ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯತ್ತೆ ಅನ್ನೋದರ ಅಳತೆ) 2ರಿಂದ 3ರೊಳಗೆ ಇಡೋಕೆ ಮತ್ತೆ ಮತ್ತೆ ರಕ್ತ ಪರೀಕ್ಷೆ, ಅಂದ್ರೆ ಪರೀಕ್ಷೆ ಮಾಡಿಸೋದು ಎಲ್ಲಿ ಕಷ್ಟವೋ ಅಲ್ಲೇ ಈ ಔಷಧಿ ಜಾಸ್ತಿ ಬೇಕಾಗಿದೆ. ಬೆರಳ ತುದಿಯ ಒಂದು ಹನಿಯಲ್ಲಿ ಅಲ್ಲೇ ಐಎನ್‌ಆರ್ ತೋರಿಸೋ ಮಷಿನ್ ನಿಮ್ಮ ಕ್ಲಿನಿಕ್ಕಲ್ಲಿ ಇಲ್ಲದಿದ್ರೆ ಬರೆದು ಕೇಳಿ, ಹಠ ಹಿಡಿದು ಕೇಳಿ. ಕಿಡ್ನಿ ರಿಪೋರ್ಟೂ ನೋಡಿ, ಡಯಾಲಿಸಿಸ್ ಇದ್ರೆ ತಜ್ಞರ ಹತ್ರ ಮಾತಾಡದೆ ಏನೂ ಶುರು ಮಾಡಬೇಡಿ.

ಪ್ರಶ್ನೆ: ಸಾರ್, ನಮ್ಮ ಅಮ್ಮನಿಗೆ 52, ವಾಲ್ವ್ ಕಿರಿದಾಗಿದೆ, ಬಡಿತ ಏರುಪೇರು, ಆಸಿಟ್ರಾಮ್ ತಗೊತಾರೆ. ಪಕ್ಕದ ಮನೆ ಅಂಕಲ್ಲು ರಕ್ತ ಪರೀಕ್ಷೆನೇ ಬೇಡದ ಹೊಸ ಮಾತ್ರೆ ತಗೊತಾರೆ. ನಾವೂ ಬದಲಾಯಿಸಬಹುದಾ? (ಓದುಗರು, ಹಾಸನ)

ಉತ್ತರ: ಬೇಡಪ್ಪ. ಮೇಲೆ ಆ ಸಿಸ್ಟರ್‌ಗೆ ಹೇಳಿದ ವಾಲ್ವಿನ ಮಾತು ನಿಮ್ಮ ಅಮ್ಮನಿಗೂ ಅನ್ವಯಿಸತ್ತೆ, ಆಸಿಟ್ರಾಮ್ ವಾರ್ಫರಿನ್ ಜಾತಿಯದ್ದೇ. 24 ದೇಶಗಳಲ್ಲಿ ಸುಮಾರು 4,500 ರುಮ್ಯಾಟಿಕ್ ರೋಗಿಗಳ ಮೇಲೆ ಮಾಡಿದ ಇನ್ವಿಕ್ಟಸ್ ಟ್ರಯಲ್ 2022ರಲ್ಲಿ ಬಂತು, ಅದನ್ನ ಮುನ್ನಡೆಸಿದವರಲ್ಲಿ ದೆಹಲಿ ಏಮ್ಸ್‌ನ ಡಾ. ಗಣೇಶನ್ ಕಾರ್ತಿಕೇಯನ್ ಇದ್ರು. ರಿವರೊಕ್ಸಬಾನ್ ತಗೊಂಡೋರಿಗಿಂತ ಹಳೆ ಮಾತ್ರೆ ತಗೊಂಡೋರಲ್ಲಿ ಸಾವು ಕಮ್ಮಿ ಇತ್ತು, ರಕ್ತಸ್ರಾವ ಏನೂ ಜಾಸ್ತಿ ಇರ್ಲಿಲ್ಲ. ಅಂಕಲ್ ವಾಲ್ವ್ ಚೆನ್ನಾಗಿರಬಹುದು, ಅವರ ದಾರಿ ಬೇರೆ. ಬಸಳೆ, ಪಾಲಕ್ ಪೂರ್ತಿ ಬಿಡಿಸಬೇಡಿ, ವಾರ ವಾರ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿನ್ನಲಿ, ಮತ್ತೆ ಬೇರೆ ಯಾವುದಕ್ಕಾದ್ರೂ ಆಂಟಿಬಯಾಟಿಕ್ ಬರೆದ್ರೆ ಆಸಿಟ್ರಾಮ್ ತಗೊತಿದೀವಿ ಅಂತ ಆ ಡಾಕ್ಟರಿಗೆ ಹೇಳಿ, ಕೆಲವು ದಿನದಲ್ಲೇ ಐಎನ್‌ಆರ್ ಮಾಡಿಸಿ.