ಅನಿಶ್ಚಿತತೆಯ ನಡುವೆ ಬದುಕಿನ ಮತ್ತು ಹೂಡಿಕೆಯ ನಿರ್ಧಾರಗಳನ್ನು ವಿವೇಕದಿಂದ ಕೈಗೊಳ್ಳುವುದು ಹೇಗೆ?

ಮುಂದೇನಾಗುತ್ತದೆ ಎಂದು ನಿಖರವಾಗಿ ಊಹಿಸುವುದಕ್ಕಿಂತ, ಊಹೆ ತಪ್ಪಾದರೂ ನೆಲಕಚ್ಚದಂತೆ ನೋಡಿಕೊಳ್ಳುವುದೇ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಸರಳವಾದ ಲೆಕ್ಕವೇ ಆಧಾರ: ಹೂಡಿದ ಹಣದಲ್ಲಿ ಶೇ 10ರಷ್ಟು ಕಳೆದುಕೊಂಡವರು ಮೊದಲಿನ ಸ್ಥಿತಿಗೆ ಮರಳಲು ಸುಮಾರು ಶೇ 11ರಷ್ಟು ಲಾಭ ಸಾಕು, ಶೇ 50ರಷ್ಟು ಕಳೆದುಕೊಂಡವರಿಗೆ ಶೇ 100ರಷ್ಟು ಲಾಭ ಬೇಕು, ಶೇ 90ರಷ್ಟು ಕಳೆದುಕೊಂಡವರ ಅಳಿದುಳಿದ ಹಣ ಹತ್ತು ಪಟ್ಟಾಗಬೇಕು.

ಜಾಣತನವೊಂದೇ ಇಲ್ಲಿ ರಕ್ಷಣೆಯಲ್ಲ. ಅಮೆರಿಕದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ, ಸಿರಿವಂತರ ಮತ್ತು ಸಂಸ್ಥೆಗಳ ಹಣವನ್ನು ಹೂಡುವ ಖಾಸಗಿ ನಿಧಿಯಾದ ಹೆಡ್ಜ್ ಫಂಡ್‌ನ ಪಾಲುದಾರರಲ್ಲಿ, 1997ರ ಅರ್ಥಶಾಸ್ತ್ರದ ನೊಬೆಲ್ ಪಡೆದ ರಾಬರ್ಟ್ ಮರ್ಟನ್ ಮತ್ತು ಮೈರನ್ ಶೋಲ್ಸ್ ಇದ್ದರು. ಆದರೂ 1998ರ ಆಗಸ್ಟ್‌ನಲ್ಲಿ ರಷ್ಯಾ ತನ್ನ ಸಾಲಪತ್ರಗಳ ಮರುಪಾವತಿಯಲ್ಲಿ ವಿಫಲವಾಗಿ ಮಾರುಕಟ್ಟೆಗಳು ತಲ್ಲಣಿಸಿದಾಗ, ಸ್ವಂತ ಬಂಡವಾಳದ ಹಲವು ಪಟ್ಟು ಸಾಲ ಮಾಡಿ ಹೂಡಿದ್ದ ಆ ಸಂಸ್ಥೆ ಕೆಲವೇ ವಾರಗಳಲ್ಲಿ ಕುಸಿಯಿತು. ಕೊನೆಗೆ 14 ಹಣಕಾಸು ಸಂಸ್ಥೆಗಳು ಸುಮಾರು 360 ಕೋಟಿ ಡಾಲರ್ ತೊಡಗಿಸಿ ಅದನ್ನು ತಮ್ಮ ಹಿಡಿತಕ್ಕೆ ತೆಗೆದುಕೊಂಡವು. ಕುಸಿದ ಫಂಡಿನವರ ಎಣಿಕೆ ಕ್ರಮೇಣ ನಿಜವಾಗುವುದಿದ್ದರೂ, ಅಲ್ಲಿಯವರೆಗೆ ಕಾಯುವ ಶಕ್ತಿಯನ್ನು ಸಾಲ ಕಸಿದುಕೊಂಡಿತ್ತು.

ಆದ್ದರಿಂದ ತುರ್ತು ನಿಧಿಯನ್ನು ಬೇರೆಯಾಗಿಡುವುದು, ಸಾಲ ಮಾಡಿ ಷೇರು ಕೊಳ್ಳದಿರುವುದು, ಹಣವನ್ನು ಹಲವೆಡೆ ಹಂಚುವುದು ಮೊದಲ ಹೆಜ್ಜೆಗಳು. ಬದುಕಿನ ನಿರ್ಧಾರಗಳಲ್ಲಿ, ಹಿಂದಿರುಗಲು ಅವಕಾಶವಿರುವಂಥವನ್ನು ಬೇಗನೆ ಪ್ರಯೋಗಿಸಿ ನೋಡಬಹುದು. ಹಿಂದಿರುಗಲಾಗದಂಥವಕ್ಕೆ ಮಾತ್ರ ಸಾಕಷ್ಟು ಸಮಯ ಕೊಡಬೇಕು. ಇನ್ನೊಂದು ಮಾತು: ನಿರ್ಧರಿಸುವ ದಿನವೇ ಅದರ ಕಾರಣಗಳನ್ನು ಬರೆದಿಟ್ಟರೆ, ಮುಂದೆ ಫಲಿತಾಂಶ ಬಂದಾಗ ಅದು ವಿವೇಚನೆಯ ಫಲವೋ ಅದೃಷ್ಟದ ಫಲವೋ ಎಂದು ಪ್ರಾಮಾಣಿಕವಾಗಿ ಪರಿಶೀಲಿಸಬಹುದು.