ಜಮೈಕಾ ಮೊದಲು ಸ್ಪೇನ್ ಕೈಲಿತ್ತಲ್ವಾ? ಮತ್ತೆ ಇಂಗ್ಲಿಷರ ಪಾಲಾದದ್ದು ಹೇಗೆ?

ಚಿನ್ನ ಸಿಗಲಿಲ್ಲ, ಅದಕ್ಕೇ ಸ್ಪೇನ್ ಅದನ್ನ ಗಟ್ಟಿಯಾಗಿ ಹಿಡ್ಕೊಳ್ಳಲಿಲ್ಲ. ಮುಖ್ಯ ಕಾರಣ ಇಷ್ಟೇ.

ಕೊಲಂಬಸ್ ಅಲ್ಲಿಗೆ ಬಂದದ್ದು 1494ರಲ್ಲಿ. ಕೊನೆಯ ಯಾನದಲ್ಲಿ ಹುಳ ತಿಂದು ತೂತಾದ ಹಡಗುಗಳನ್ನ ಅದೇ ದಡಕ್ಕೆ ಹತ್ತಿಸಿ, 1503ರಿಂದ ಸುಮಾರು ಒಂದು ವರ್ಷ ಸಿಕ್ಕಿಹಾಕಿಕೊಂಡಿದ್ದ. ಊಟ ಕೊಡ್ತಿದ್ದ ಟೈನೋ ಜನ, ಅಂದರೆ ದ್ವೀಪದ ಮೂಲನಿವಾಸಿಗಳು, ಬೇಸತ್ತು ನಿಲ್ಲಿಸಿದಾಗ, ಪಂಚಾಂಗ ನೋಡಿ 1504ರ ಫೆಬ್ರವರಿ 29ರ ಚಂದ್ರಗ್ರಹಣವನ್ನ ಮೊದಲೇ ತಿಳಿದುಕೊಂಡು, ದೇವರು ಸಿಟ್ಟಾಗಿದ್ದಾನೆ ಅಂತ ಹೆದರಿಸಿ ಮತ್ತೆ ಊಟ ಗಿಟ್ಟಿಸಿದ. ಪಕ್ಕಾ ಕಿಲಾಡಿ!

1509ರಲ್ಲಿ ಸ್ಪೇನಿನ ಹುವಾನ್ ದೆ ಎಸ್ಕಿವೆಲ್ ಬಂದು ಉತ್ತರ ಕರಾವಳಿಯಲ್ಲಿ ಸೆವಿಲ್ಲಾ ಲಾ ನುಯೇವಾ ಅನ್ನೋ ಊರು ಕಟ್ಟಿಸಿದ. ಅದು ಜೌಗು ಜಾಗ, ರೋಗ ಜಾಸ್ತಿ. 1534ರಲ್ಲಿ ದಕ್ಷಿಣಕ್ಕೆ, ಈಗಿನ ಸ್ಪ್ಯಾನಿಷ್ ಟೌನ್‌ಗೆ ಹೋದರು. ಅಷ್ಟರಲ್ಲಿ ಬಿಟ್ಟಿ ದುಡಿಮೆ, ಹಿಂಸೆ, ಯುರೋಪಿನ ರೋಗಗಳಿಂದ ಟೈನೋ ಜನ ಬಹುಪಾಲು ನಾಶವಾಗಿದ್ದರು. ದುಡಿಯೋಕೆ ಆಫ್ರಿಕಾದಿಂದ ಗುಲಾಮರನ್ನ ತಂದರು. ಮೆಕ್ಸಿಕೋ, ಪೆರುವಿನ ಬೆಳ್ಳಿ ಸಿಕ್ಕ ಮೇಲಂತೂ ಜಮೈಕಾ ಬರೀ ದನ ಮೇಯಿಸೋ ದ್ವೀಪವಾಗಿ ಉಳಿಯಿತು, ಕಾವಲೂ ಕಮ್ಮಿ.

1655ರಲ್ಲಿ ಇಂಗ್ಲಿಷ್ ಪಡೆ ಪಕ್ಕದ ದ್ವೀಪದಲ್ಲಿದ್ದ ಸ್ಪ್ಯಾನಿಷರ ಊರು ಸಾಂಟೋ ಡೊಮಿಂಗೋ ಹಿಡಿಯೋಕೆ ಹೋಗಿ ಸೋತು, ಬರಿಗೈಲಿ ಹಿಂದಿರುಗಲು ನಾಚಿಕೆಯಾಗಿ ಜಮೈಕಾ ಕಡೆ ತಿರುಗಿತು. ಸುಲಭವಾಗಿ ಸಿಕ್ಕಿತು. ಬೆಟ್ಟ ಸೇರಿದ ಸ್ಪ್ಯಾನಿಷರು 1660ರವರೆಗೆ ಹೋರಾಡಿ ಕ್ಯೂಬಾಗೆ ಓಡಿಹೋದರು. ಸ್ಪೇನ್ ಇದನ್ನ ಅಧಿಕೃತವಾಗಿ ಒಪ್ಪಿದ್ದು 1670ರ ಮ್ಯಾಡ್ರಿಡ್ ಒಪ್ಪಂದದಲ್ಲಿ. ಆದರೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದೇ ಬೆಟ್ಟ ಸೇರಿದ್ದ ಆಫ್ರಿಕನ್ನರು, ಅಂದರೆ ಮರೂನ್ ಜನ, ಬಗ್ಗಲಿಲ್ಲ. 1739ರಲ್ಲಿ ಬ್ರಿಟಿಷರೇ ಅವರ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು.