ಓದುಗರ ಪ್ರಶ್ನೆ: ಲಿಬೆರೊ ಬೆಕೆನ್‌ಬವರ್, ಕೋಚ್ ಬೆಕೆನ್‌ಬವರ್

ಪ್ರಶ್ನೆ: ಜರ್ಮನಿಯ ಫುಟ್‌ಬಾಲ್ ಆಟಗಾರ ಫ್ರಾಂಜ್ ಬೆಕೆನ್‌ಬವರ್ ಡಿಫೆಂಡರ್ ಅಂತಾರೆ. ಹಳೆಯ ವಿಡಿಯೊಗಳಲ್ಲಿ ನೋಡಿದರೆ ಎದುರಾಳಿ ಗೋಲಿನ ಹತ್ತಿರವೇ ಇರುತ್ತಾರೆ. ಅದು ಹೇಗೆ?

ಉತ್ತರ: ಅವರದು ಲಿಬೆರೊ ಸ್ಥಾನ. ಉಳಿದ ಡಿಫೆಂಡರ್‌ಗಳು ಒಬ್ಬೊಬ್ಬ ಎದುರಾಳಿಯನ್ನು ಕಾಯಬೇಕು. ಲಿಬೆರೊಗೆ ಆ ಹೊಣೆ ಇಲ್ಲ. ಎಲ್ಲರ ಹಿಂದೆ ನಿಂತು, ಅವರನ್ನು ದಾಟಿ ಬಂದ ಚೆಂಡನ್ನು ತಡೆದರೆ ಸಾಕು. ಆದರೆ ಅವನನ್ನು ಕಾಯುವವರೂ ಯಾರೂ ಇರುವುದಿಲ್ಲ ಎನ್ನುವುದನ್ನು ಬೆಕೆನ್‌ಬವರ್ ಚೆನ್ನಾಗಿ ಬಳಸಿಕೊಂಡರು. ಚೆಂಡು ಸಿಕ್ಕಿದ್ದೇ ತಲೆಯೆತ್ತಿ ಮುಂದಿನ ಖಾಲಿ ಜಾಗಕ್ಕೆ ನುಗ್ಗುತ್ತಿದ್ದರು. ತಡೆಯಬೇಕೆಂದರೆ ಎದುರಾಳಿ ಮಿಡ್‌ಫೀಲ್ಡರ್ ಒಬ್ಬ ತಾನು ಕಾಯುತ್ತಿದ್ದವನನ್ನು ಬಿಟ್ಟು ಬರಲೇಬೇಕು. ಬಂದನೋ, ಹಾಗೆ ಬಿಡುವಾದವನ ಕಾಲಿಗೆ ಪಾಸ್. ಅದೂ ಎಷ್ಟೋ ಸಲ ಪಾದದ ಹೊರ ಅಂಚಿನಿಂದ. ಮುಂದೆ ಸ್ಟ್ರೈಕರ್ ಗೆರ್ಡ್ ಮುಲ್ಲರ್ ಇದ್ದರೆ ಒನ್-ಟು (ಪಾಸ್ ಕೊಟ್ಟು ಓಡಿ ಮರುಪಾಸ್ ಪಡೆಯುವುದು) ಆಡಿ ತಾವೇ ಪೆನಾಲ್ಟಿ ಬಾಕ್ಸ್‌ನೊಳಗೆ!

ಇದರಲ್ಲಿ ಅಪಾಯವೂ ಇದೆ. ನಡುವೆ ಚೆಂಡು ಕಳೆದುಕೊಂಡರೆ ಹಿಂದೆ ಬಯಲೋ ಬಯಲು. ಬಯರ್ನ್ ಮ್ಯೂನಿಕ್‌ನಲ್ಲೂ ಪಶ್ಚಿಮ ಜರ್ಮನಿ ತಂಡದಲ್ಲೂ ಆ ಜಾಗ ಕಾಯ್ದವರು ಜೊತೆಯ ಡಿಫೆಂಡರ್ ಶ್ವಾರ್ಟ್ಸೆನ್‌ಬೆಕ್. 1974ರ ವಿಶ್ವಕಪ್ಪಿನ ಮತ್ತು 1974ರಿಂದ 76ರವರೆಗಿನ ಮೂರು ಯುರೋಪಿಯನ್ ಕಪ್‌ಗಳ (ಯುರೋಪಿನ ಕ್ಲಬ್‌ಗಳ ಟೂರ್ನಿ) ಕೀರ್ತಿಯಲ್ಲಿ ಅವರಿಗೆ ಸಲ್ಲಬೇಕಾದ ಪಾಲು ಇನ್ನೂ ಸಂದಿಲ್ಲ.

ಪ್ರಶ್ನೆ: ತರಬೇತಿ ಪರವಾನಗಿಯೇ ಇಲ್ಲದೆ ರಾಷ್ಟ್ರೀಯ ತಂಡ ಅವರ ಕೈಗೆ ಹೇಗೆ ಬಂತು?

ಉತ್ತರ: 1984ರ ಯುರೋ ಕಪ್‌ನಲ್ಲಿ ತಂಡ ಗುಂಪು ಹಂತದಲ್ಲೇ ಹೊರಬಿತ್ತು, ಕೋಚ್ ಯುಪ್ ಡೆರ್ವಾಲ್ ಹೊರಟರು. ಬೆಕೆನ್‌ಬವರ್‌ಗೆ ಕೋಚ್ ಎನ್ನದೆ ‘ಟೀಮ್‌ಶೆಫ್’ (ತಂಡದ ಮುಖ್ಯಸ್ಥ) ಎಂಬ ಹುದ್ದೆ ಕೊಟ್ಟು, ಪರವಾನಗಿ ಇದ್ದ ಹೋರ್ಸ್ಟ್ ಕೋಪ್ಪೆಲ್ ಅವರನ್ನು ಜೊತೆಗಿಟ್ಟರು.

ಪ್ರಶ್ನೆ: ಅರ್ಜೆಂಟೀನಾ ಎದುರು 1986ರ ವಿಶ್ವಕಪ್ ಫೈನಲ್ ಸೋತು 1990ರದನ್ನು ಗೆದ್ದರಲ್ಲ, ಏನು ಬದಲಾಯಿತು?

ಉತ್ತರ: ಮುಖ್ಯವಾಗಿ ಮಿಡ್‌ಫೀಲ್ಡರ್ ಲೋಥಾರ್ ಮಾಥೇಯುಸ್ ಕೆಲಸ. 1986ರಲ್ಲಿ ಅವರನ್ನು ಮರಡೋನಾ ಬೆನ್ನಿಗೆ ಹಚ್ಚಿದ್ದರಿಂದ ದಾಳಿ ಸೊರಗಿತು. 0-2 ಹಿಂದಿದ್ದವರು ಎರಡು ಕಾರ್ನರ್‌ಗಳಿಂದ ಸಮ ಮಾಡಿದರು ನಿಜ. ಆಮೇಲೂ ಹಿಂದೆ ಸರಿಯದೆ ಮುಂದೊತ್ತಿ ಆಡಿದರು. ಮರಡೋನಾ ಕೊಟ್ಟ ಒಂದೇ ಪಾಸ್ ಹಿಡಿದು ಅರ್ಜೆಂಟೀನಾದ ಬುರುಚಾಗ ಓಡಿ 3-2 ಮಾಡಿದರು. 1990ರಲ್ಲಿ ಮರಡೋನಾನ ಕಾವಲು ಗಿಡೊ ಬುಕ್‌ವಾಲ್ಡ್‌ಗೆ, ಲಿಬೆರೊ ಸ್ಥಾನ ಔಗೆಂಥಾಲರ್‌ಗೆ; ಮಾಥೇಯುಸ್ ನಡುಮೈದಾನದಲ್ಲಿ ಸ್ವತಂತ್ರ. 85ನೇ ನಿಮಿಷದ ಪೆನಾಲ್ಟಿಯಿಂದ 1-0. ಮಾಥೇಯುಸ್ ಬೂಟು ಹಾಳಾಗಿ ಬೇರೆಯದು ಹಾಕಿದ್ದರು. ಅದರ ಮೇಲೆ ಭರವಸೆ ಸಾಲದೆ ಪೆನಾಲ್ಟಿ ಒದೆಯುವುದನ್ನು ಆಂದ್ರೆಯಾಸ್ ಬ್ರೇಮೆಗೆ ಬಿಟ್ಟರು.